ಬೇರು ತೊಳೆಯುತ್ತ ಕಂಡದ್ದು

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಭತ್ತದ ಬೇರು ಹೇಗೆ ಬದಲಾಗುತ್ತದೆ ಎಂದು ನೋಡಲು ನಾನು ಎರಡು ಹಂಗಾಮು, ಮೇಲ್ಭಾಗ ತೆರೆದಿರುವ ಪಾಲಿಥೀನ್ ಕೋಣೆಗಳಲ್ಲಿ ಗಿಡ ಬೆಳೆಸಿದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಸುಮಾರು 315 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 315 ಭಾಗ) ಇದ್ದ ಈ ಅನಿಲ ಈಗ 420ನ್ನು ದಾಟಿದೆ. ನನ್ನ ಕೋಣೆಗಳಲ್ಲಿ ಹಗಲು ಹೊತ್ತು ಸಿಲಿಂಡರಿನಿಂದ ಅನಿಲ ಹಾಯಿಸಿ 550ರ ಆಸುಪಾಸಿನಲ್ಲಿ ಇರಿಸುತ್ತಿದ್ದೆ.

ಮೊದಲ ಹಂಗಾಮು ವ್ಯರ್ಥವಾಯಿತು, ಮತ್ತು ತಪ್ಪು ನನ್ನದೇ. ಕುಂಡಗಳು ಚಿಕ್ಕವಾಗಿದ್ದುದರಿಂದ ಬೇರುಗಳು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿದ್ದವು. ಬೇರಿಗೆ ಜಾಗವಿಲ್ಲದಿದ್ದರೆ ಹೆಚ್ಚುವರಿ ಇಂಗಾಲದಿಂದ ಗಿಡಕ್ಕೆ ಆಗುವ ಲಾಭವೂ ಕುಗ್ಗುತ್ತದೆ. ಸಾಲದ್ದಕ್ಕೆ ಹೋಲಿಕೆಯ ಗಿಡಗಳನ್ನು ಹೊರಗಿನ ಬಯಲಿನಲ್ಲಿ ಇಟ್ಟಿದ್ದೆನಾಗಿ, ಕಂಡ ವ್ಯತ್ಯಾಸದಲ್ಲಿ ಅನಿಲದ್ದೆಷ್ಟು, ಕೋಣೆಯ ಸೆಕೆಯದ್ದೆಷ್ಟು ಎಂದು ಬೇರ್ಪಡಿಸಲಾಗಲಿಲ್ಲ. ಎರಡನೆಯ ಸಲ ಅನಿಲ ಬಿಡದ ಕೋಣೆಯೊಂದನ್ನು ಕಟ್ಟಿಸಿ, ಒಂದು ಮೀಟರ್ ಉದ್ದದ ಪಿವಿಸಿ ಕೊಳವೆಗಳನ್ನು ಉದ್ದುದ್ದ ಸೀಳಿ, ತಂತಿಯಿಂದ ಮತ್ತೆ ಬಿಗಿದು ಮಣ್ಣು ತುಂಬಿದೆ.

ನಿಜವಾದ ಕೆಲಸವಿರುವುದು ಬೇರು ತೊಳೆಯುವುದರಲ್ಲಿ. ರಾತ್ರಿಯಿಡೀ ನೆನೆಸಿದ ಮಣ್ಣನ್ನು ಬೆಳಿಗ್ಗೆ ಜರಡಿಯ ಮೇಲೆ ಸಣ್ಣ ಧಾರೆಯಲ್ಲಿ ತೊಳೆಯಬೇಕು. 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಕೂದಲಿನಂಥ ಬೇರುಗಳೆಲ್ಲ ನೀರಿನೊಂದಿಗೆ ಹೋಗಿಬಿಡುವುದನ್ನು ಕಂಡು ಅರ್ಧ ಮಿಲಿಮೀಟರಿನದಕ್ಕೆ ಬದಲಾಯಿಸಿದೆ. ಎರಡು ಕೋಣೆಗಳ ನಡುವಿನ ವ್ಯತ್ಯಾಸ ಎದ್ದು ಕಂಡದ್ದೂ ಆ ಕೂದಲು ಬೇರುಗಳಲ್ಲೇ.

ಅನಿಲ ಹೆಚ್ಚಿದ್ದ ಕೋಣೆಯ ಗಿಡಗಳಲ್ಲಿ ಬೇರಿನ ತೂಕ ಹೆಚ್ಚಿತ್ತು, ಎಲೆಯಲ್ಲಿ ಸಾರಜನಕದ ಶೇಕಡಾ ಪ್ರಮಾಣ ಮಾತ್ರ ಇಳಿದಿತ್ತು. ಇಷ್ಟೇ ಬೇಳೆಗೆ ನೀರು ಹೆಚ್ಚು ಬೆರೆಸಿದ ಸಾರಿನಂತೆ, ಪಿಷ್ಟ ಹೆಚ್ಚಿ ಪೋಷಕಾಂಶ ತೆಳುವಾಯಿತು ಎನ್ನುವುದು ಸುಲಭದ ವಿವರಣೆ. ಅದೊಂದೇ ಕಾರಣವಾಗಿದ್ದರೆ ಎಲ್ಲ ಧಾತುಗಳೂ ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ಆದರೆ 2014ರಲ್ಲಿ ಪ್ರಕಟವಾದ, ಈ ಅನಿಲ ಹೆಚ್ಚಿಸಿ ನೋಡಿದ ಹಲವು ದೇಶಗಳ ಹೊಲಗಳ ದತ್ತಾಂಶದಲ್ಲಿ ಗೋಧಿಯ ಸತು ಶೇ. 9.3, ಕಬ್ಬಿಣ ಶೇ. 5.1 ಕುಸಿದಿವೆ. ಇಂಗಾಲ ಯಥೇಚ್ಛವಾಗಿ ಸಿಕ್ಕಾಗ, ಎಲೆಯಿಂದ ನೀರಾವಿ ಹೊರಹೋಗುವ ಸಣ್ಣ ತೂತುಗಳಾದ ಪತ್ರರಂಧ್ರಗಳು ಅರೆಮುಚ್ಚುವುದರಿಂದ ಗಿಡ ನೀರು ಎಳೆಯುವುದೇ ಕಡಿಮೆಯಾಗುತ್ತದೆ, ಆಗ ನೀರಿನ ಹರಿವಿನೊಂದಿಗೆ ಬೇರಿನ ಬಳಿಗೆ ಬರುವ ನೈಟ್ರೇಟ್, ಕ್ಯಾಲ್ಸಿಯಂಗಳೂ ಕಡಿಮೆ ಬರುತ್ತವೆ. ರಂಜಕ, ಸತುಗಳು ಹಾಗಲ್ಲ. ಅವು ಮಣ್ಣಿನಲ್ಲಿ ಹೆಚ್ಚು ಚಲಿಸದ ಕಾರಣ ಬೇರೇ ಅವುಗಳನ್ನು ಹುಡುಕಿಕೊಂಡು ಹೋಗಬೇಕು. ಹೀಗಾಗಿ ಬೇರಿನ ತೂಕವೊಂದನ್ನೇ ನೋಡಿ ಗಿಡ ಚೆನ್ನಾಗಿ ಉಣ್ಣುತ್ತಿದೆ ಎಂದು ಬರೆಯುವ ವರದಿಗಳನ್ನು ನಾನು ಈಗ ನಂಬುವುದಿಲ್ಲ. ಈ ಹಂಗಾಮಿನಿಂದ ಪ್ರತಿ ಕೊಳವೆಗೂ ಹಾಕಿದ ನೀರನ್ನು ತೂಗಿ ಬರೆದಿಡುತ್ತಿದ್ದೇನೆ.