ಮಳೆ ಹಾಡಿಗೆ ಎರಡು ಸೇರು ತೊಗರಿ

ಮಳೆ ಹಾಡು ಅಂದ ಮೇಲೆ ಮಳೆ ಸದ್ದು ಇರಲೇಬೇಕು ಅಂತ ಹಟ ಹಿಡಿದವನು ನಾನೇ. ಕಲಬುರಗಿಯಲ್ಲಿ ನಮ್ಮದು ನಾಲ್ಕು ಜನರ ಪುಟ್ಟ ರಾಕ್ ಬ್ಯಾಂಡ್. ಪ್ರ್ಯಾಕ್ಟೀಸು ನಮ್ಮ ಮನೆ ಮಾಳಿಗೆಯ ಪತ್ರಾ (ತಗಡು) ಕೋಣೆಯಲ್ಲಿ. ಮೇ ತಿಂಗಳಲ್ಲಿ ಅಲ್ಲಿ ಗಿಟಾರಿನ ತಂತಿ ಬಿಸಿಗೆ ಸಡಿಲಾಗಿ ಶ್ರುತಿ ಇಳಿಯುತ್ತದೆ.

ನಾವು ಮೊದಲು ಕಲಿತ ಮಳೆ ಹಾಡು ಅಮೆರಿಕದ ರಾಕ್ ಬ್ಯಾಂಡ್ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್‌ನ ‘ಹ್ಯಾವ್ ಯು ಎವರ್ ಸೀನ್ ದ ರೇನ್’. ಗಿಟಾರಿಗೆ ಸುಲಭದ ಕಾರ್ಡ್‌ಗಳು (ಸ್ವರಗುಚ್ಛ). ಹೆಸರು, ದುಡ್ಡು ಬರುತ್ತಿದ್ದಾಗಲೇ ಬ್ಯಾಂಡಿನೊಳಗೆ ಎದ್ದ ಮನಸ್ತಾಪವನ್ನು ಅದರ ಹಾಡುಗಾರ ಜಾನ್ ಫೋಗರ್ಟಿ ಬಿಸಿಲು ಮಳೆ ಮಾಡಿ ಹಾಡಿದ್ದಾನೆ. ಹಾಡಿನಲ್ಲಿ ಒಂದು ಹನಿಯ ಸದ್ದೂ ಇಲ್ಲ. ಆಗ ಅದು ನನ್ನ ಗಮನಕ್ಕೇ ಬರಲಿಲ್ಲ.

ನಮ್ಮ ಹಾಡಿನ ಪಲ್ಲವಿ ‘ಮಿರಗ ಬಂತು, ಮಳಿ ಬರಲಿಲ್ಲ’. ಮಿರಗ ಅಂದರೆ ಮೃಗಶಿರಾ ಮಳೆ, ಜೂನ್ 8ರ ಹೊತ್ತಿಗೆ ಕೂಡುತ್ತದೆ. ಬಿತ್ತುವವರು ಆಕಾಶ ನೋಡುತ್ತಾ ಕೂರುತ್ತಾರೆ.

ಜುಲೈನಲ್ಲಿ ಒಂದು ರಾತ್ರಿ ಒಳ್ಳೆ ಮಳೆ ಹಿಡಿಯಿತು. ಮೊಬೈಲನ್ನು ಕಿಟಕಿಯಲ್ಲಿಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡಿದೆ. ಬೆಳಿಗ್ಗೆ ಹಾಕಿದರೆ ಒಳಗಿಂದ ಅವ್ವ, “ಯಾರ ಮನ್ಯಾಗ ಬಜಿ ಕರೀಲತ್ತಾರ?” ಅಂದಳು. ನಿಜ, ಥೇಟ್ ಎಣ್ಣೆಗೆ ಮಿರ್ಚಿ ಬಿಟ್ಟ ಸದ್ದು! ದೂರದ ಹನಿ, ಹತ್ತಿರದ ಹನಿ ನಮ್ಮ ಕಿವಿ ಬೇರೆ ಮಾಡಿಕೊಳ್ಳುತ್ತದೆ. ಮೊಬೈಲಿನ ಮೈಕಿಗೆ ಎಲ್ಲಾ ಸೇರಿ ಒಂದೇ ಚುರ್ರ್.

ಮೊರದಲ್ಲಿ ಕಾಳು ಹೊರಳಿಸಿದರೆ ಮಳೆಯಂತೆ ಕೇಳುತ್ತದೆ ಅಂತ ಹೊಳೆದದ್ದು ಆಮೇಲೆ. ಜೋಳ ಹಾಕಿದೆ. ತೀರಾ ಸಣ್ಣದು, ಮರಳು ಸುರಿದಂತಾಯಿತು. ಬೇಳೆಯೂ ಸರಿಹೋಗಲಿಲ್ಲ, ಚಪ್ಪಟೆ, ಹೊರಳುವುದೇ ಇಲ್ಲ. ಇಡೀ ತೊಗರಿ ಕಾಳು ಎರಡು ಸೇರು ಹಾಕಿ, ಮೈಕನ್ನು ಒಂದು ಗೇಣು ದೂರ ಇಟ್ಟು, ಮೊರವನ್ನು ನಿಧಾನಕ್ಕೆ ಆ ಕಡೆ ಈ ಕಡೆ ವಾಲಿಸಿದೆ. ಮಳೆ ಬಂತು! 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಪಡೆದ ಊರ ತೊಗರಿಗೆ ಇದೊಂದು ಹೊಸ ಕೆಲಸ. ಗುಡುಗಿಗೆ ನಾಟಕದವರಂತೆ ತಗಡು ಅಲ್ಲಾಡಿಸಿದೆವು. ಅಂಗಡಿ ಶಟರ್ ಎಳೆದಂತಾಯಿತು, ಬಿಟ್ಟೆವು.

ತೊಗರಿ ಮಳೆಯನ್ನು ಹಾಡಿನ ಉದ್ದಕ್ಕೂ ಹಾಸಿದೆ. ಸ, ಶ ಅಕ್ಷರಗಳೆಲ್ಲ ಅದರೊಳಗೆ ಮುಳುಗಿದವು. ಸದ್ದು ಇಳಿಸಿದೆ, ಫಿಲ್ಟರ್ ಹಾಕಿದೆ. ನಮ್ಮ ಡ್ರಮ್ಮರ್ ಎರಡು ಸಲ ಕೇಳಿ, “ಮಳಿ ಬರಲಿಲ್ಲ ಅಂತ ಹಾಡ್ಲತ್ತಿ, ಹಿಂದ ಧೋ ಅಂತ ಸುರೀಲತ್ತದಲ್ಲೋ!” ಅಂದ.

ನಾಚಿಕೆಯಾಯಿತು. ಆ ರಾತ್ರಿ ಡೋರ್ಸ್ ಬ್ಯಾಂಡಿನ ‘ರೈಡರ್ಸ್ ಆನ್ ದ ಸ್ಟಾರ್ಮ್’ ಮತ್ತೆ ಹಾಕಿದೆ. 1971ರ ಹಾಡು. ಅದರಲ್ಲಿ ಮಳೆ, ಗುಡುಗಿನ ಸದ್ದು ಇದ್ದೇ ಇದೆ. ಆದರೆ ನನ್ನನ್ನು ನೆನೆಸುವುದು ರೇ ಮಂಜಾರೆಕ್ ನುಡಿಸಿದ ಫೆಂಡರ್ ರೋಡ್ಸ್. ಆ ಪಿಯಾನೋದಲ್ಲಿ ಸುತ್ತಿಗೆ ಲೋಹದ ಕಡ್ಡಿಗೆ ಬಡಿಯುತ್ತದೆ. ಸ್ವರಗಳು ಮೇಲಿಂದ ಕೆಳಕ್ಕೆ ಹನಿಹನಿಯಾಗಿ ಇಳಿಯುತ್ತವೆ. ಜಿಮ್ ಮಾರಿಸನ್ ತಾನು ಹಾಡಿದ್ದರ ಮೇಲೆಯೇ ಅದೇ ಸಾಲುಗಳನ್ನು ಪಿಸುಗುಟ್ಟಿದ್ದಾನೆ. ಹೆಡ್‌ಫೋನ್ ಹಾಕಿ ಕೇಳಬೇಕು.

ಮರುದಿನ ಮಳೆಯನ್ನೆಲ್ಲ ಅಳಿಸಿದೆ. ಕೀಬೋರ್ಡ್‌ನವನಿಗೆ ಮೇಲಿನ ಎರಡು ಸ್ವರ ಮಾತ್ರ, ಅದೂ ಬಿಟ್ಟು ಬಿಟ್ಟು ನುಡಿಸು ಅಂದೆ. ಕೊನೆಗೆ ಪಲ್ಲವಿ ಮೂರು ಸಲ, ನಾಲ್ಕು ಎಣಿಸುವಷ್ಟು ಮೌನ, ಆಮೇಲೆ ಹದಿನೈದು ಸೆಕೆಂಡು ತೊಗರಿ.

ಆ ಕಾಳನ್ನು ಅವ್ವ ಡಬ್ಬಿಗೆ ಸುರಿದುಕೊಂಡಳು. ಒಂದು ಹಿಡಿ ಕಡಿಮೆ ಬಂತು ಅಂತ ಬೈದಳು. ಕೋಣೆಯ ಶಹಾಬಾದ್ ಕಲ್ಲಿನ ಸಂದಿಯಲ್ಲಿ ಈಗಲೂ ಒಂದೊಂದು ಸಿಗುತ್ತದೆ.