ಮೊದಲು ಸ್ತುತಿ, ಆಮೇಲೆ ಬೇಡಿಕೆ: ಪ್ರಾರ್ಥನಾ ಕೂಟ ನಡೆಸುವ ನನ್ನ ಅನುಭವ

ಬೆಂಗಳೂರಿನ ಒಂದು ಕಥೋಲಿಕ ಚರ್ಚಿನಲ್ಲಿ ಗುರುವಾರ ಸಂಜೆಯ ಕನ್ನಡ ಪ್ರಾರ್ಥನಾ ಕೂಟವನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ನಮ್ಮದು ಕ್ಯಾರಿಸ್ಮ್ಯಾಟಿಕ್ ಕೂಟ, ಪವಿತ್ರಾತ್ಮರ ವರಗಳಿಗೆ ಒತ್ತು ಕೊಡುವಂಥದ್ದು. ಹಾಗಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಗದ್ದಲ. ಚಪ್ಪಾಳೆ, ಡೋಲಕ್, ಎಲ್ಲರೂ ಒಟ್ಟಿಗೆ ದನಿ ಎತ್ತುವುದು, ಅಳು. ಅದೆಲ್ಲ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಡೆಸುವವರ ಗಮನವೆಲ್ಲ ಬೇರೆ ಕಡೆ ಇರುತ್ತದೆ. ಯಾವಾಗ ಸುಮ್ಮನಿರಬೇಕು, ಯಾರನ್ನು ಎಲ್ಲಿ ತಡೆಯಬೇಕು ಅನ್ನುವುದರಲ್ಲಿ. ಹೊಸದಾಗಿ ಕೂಟ ಶುರು ಮಾಡುವವರು ಆಗಾಗ ಕೇಳುತ್ತಾರೆ, ಅದಕ್ಕೆ ನಾವು ಮಾಡುವ ರೀತಿಯನ್ನು ಬರೆದಿಡುತ್ತಿದ್ದೇನೆ.

ಕಥೋಲಿಕರಲ್ಲಿ ಈ ಬಗೆಯ ಪ್ರಾರ್ಥನೆ ಶುರುವಾಗಿದ್ದು 1967ರ ಫೆಬ್ರವರಿಯಲ್ಲಿ. ಅಮೆರಿಕದ ಪಿಟ್ಸ್‌ಬರ್ಗ್‌ನ ಡುಕೇನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಧ್ಯಾನಕೂಟಕ್ಕೆ ಹೋಗಿದ್ದಾಗ. ಇದೇ ಬಗೆಯಲ್ಲಿ ಪ್ರಾರ್ಥಿಸುವ ಪೆಂತೆಕೊಸ್ತ್ ಪ್ರೊಟೆಸ್ಟಂಟ್ ಸಭೆಗಳವರು 1906ರಿಂದ, ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಿಂದ ಲೆಕ್ಕ ಹಿಡಿಯುತ್ತಾರೆ. ನನಗೆ ಹತ್ತಿರ ಅನ್ನಿಸುವುದು ಮಾತ್ರ 1905ರಲ್ಲಿ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ನಡೆದದ್ದು. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಅನ್ನುವ ಆಶ್ರಮದಲ್ಲಿ ಹೆಣ್ಣುಮಕ್ಕಳು ಒಟ್ಟಿಗೆ ದನಿ ಎತ್ತಿ, ಒಬ್ಬೊಬ್ಬರೂ ತಮ್ಮದೇ ಮಾತಿನಲ್ಲಿ ಪ್ರಾರ್ಥಿಸಿದರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ‘ಇದೆಲ್ಲ ಫಾರಿನ್ ಗಲಾಟೆ’ ಅಂತ ಯಾರಾದರೂ ಅಂದರೆ ನಾನು ಈ ಮಾತು ಎತ್ತುತ್ತೇನೆ.

ನಮ್ಮ ಕೂಟದಲ್ಲಿ ಒಂದು ಕಟ್ಟುನಿಟ್ಟು ಇದೆ. ಮೊದಲ ಅರ್ಧ ಗಂಟೆ ಯಾರೂ ಏನನ್ನೂ ಕೇಳುವ ಹಾಗಿಲ್ಲ. ಮಗನ ಕೆಲಸ, ಸೊಸೆಯ ಹೆರಿಗೆ, ಮನೆ ಲೋನ್ ಎಲ್ಲ ಆಮೇಲೆ. ಇದು ಜನಕ್ಕೆ ಕಷ್ಟವೇ. ಬರುವವರಲ್ಲಿ ಗಾರ್ಮೆಂಟ್ಸ್‌ನಿಂದ ನೇರವಾಗಿ ಬರುವ ಹೆಂಗಸರು ಜಾಸ್ತಿ. ದಿನವಿಡೀ ಹೊತ್ತು ತಂದ ಚಿಂತೆಯನ್ನು ಇಳಿಸಲು ಬಂದಿರುತ್ತಾರೆ, ಬಾಗಿಲಲ್ಲೇ ಇಳಿಸಬೇಡಿ ಅಂದರೆ ಹೇಗೆ? ಆದರೆ ಬೇಡಿಕೆಯಿಂದ ಶುರುವಾದ ಕೂಟ ಬೇಡಿಕೆಯಲ್ಲೇ ಮುಳುಗುತ್ತದೆ. ಒಬ್ಬರ ಕಷ್ಟ ಕೇಳಿ ಇನ್ನೊಬ್ಬರಿಗೆ ತಮ್ಮದು ನೆನಪಾಗುತ್ತದೆ. ಸ್ತುತಿ ಮಾಡುವಾಗ ಕಷ್ಟ ಮರೆಯುವುದಿಲ್ಲ, ಆದರೆ ಗಮನ ದೇವರ ಕಡೆ ತಿರುಗಿರುತ್ತದೆ. ಆಮೇಲೆ ಕೇಳುವ ದನಿಯೇ ಬೇರೆ.

ಹಾಡು ಆರಿಸುವುದು ನನ್ನ ಕೆಲಸ. ಶುರುವಿಗೆ ಚಪ್ಪಾಳೆಯ ಹಾಡು, ಎಲ್ಲರಿಗೂ ಬರುವಂಥದ್ದು. ಆಮೇಲೆ ನಿಧಾನದ್ದು. ಕೊನೆಯ ಹಾಡಿನ ಪಲ್ಲವಿ ಒಂದೆರಡು ಸಾಲು ಮೀರಬಾರದು. ಯಾಕೆಂದರೆ ಆಗ ಪುಸ್ತಕ ಮುಚ್ಚಬಹುದು. ಪುಸ್ತಕ ಹಿಡಿದವರು ತಲೆ ತಗ್ಗಿಸಿ ಪುಟ ಹುಡುಕುತ್ತಲೇ ಇರುತ್ತಾರೆ, ಕೈ ಎತ್ತುವುದು ಎಲ್ಲಿ ಬಂತು? ಶ್ರುತಿಯನ್ನು ತಗ್ಗಿಸಿಯೇ ಹಿಡಿಯುತ್ತೇವೆ. ಗಾಯಕಿಗೆ ಹಿತವಾದ ಶ್ರುತಿ ಗಂಡಸರಿಗೆ ಎಟುಕುವುದಿಲ್ಲ, ಎಟುಕದಿದ್ದರೆ ಅವರು ಬಾಯಿ ಮುಚ್ಚುತ್ತಾರೆ.

ಪಲ್ಲವಿ ತಿರುಗಿ ತಿರುಗಿ ಬರುವಾಗ ಕೀಬೋರ್ಡಿನ ಹುಡುಗನಿಗೆ ಕಣ್ಣಲ್ಲೇ ಹೇಳುತ್ತೇನೆ. ಅವನು ಒಂದೇ ಸ್ವರಮೇಳದ ಮೇಲೆ ನಿಲ್ಲುತ್ತಾನೆ, ಡೋಲಕ್ ನಿಲ್ಲುತ್ತದೆ. ಅಲ್ಲಿಂದ ಎಲ್ಲರೂ ತಮ್ಮ ತಮ್ಮ ಮಾತಿನಲ್ಲಿ ದನಿ ಎತ್ತುತ್ತಾರೆ. ಕೆಲವರು ಕನ್ನಡ, ಕೆಲವರು ತಮಿಳು, ಕೊಂಕಣಿ, ಕೆಲವರು ಅನ್ಯಭಾಷೆ, ಅಂದರೆ ಪವಿತ್ರಾತ್ಮರು ಕೊಟ್ಟದ್ದು ಅಂತ ನಂಬುವ, ಆಡುವವರಿಗೇ ಅರ್ಥವಾಗದ ಮಾತು. ಚರ್ಚಿನಲ್ಲಿ ಫಾದರ್ ನಡೆಸುವ ಪೂಜೆಯ (ಮಾಸ್) ಭಾಷೆ ಕನ್ನಡವೋ ತಮಿಳೋ ಅನ್ನುವುದು ಬೆಂಗಳೂರಿನ ಕಥೋಲಿಕರಿಗೆ ಎಷ್ಟು ಸೂಕ್ಷ್ಮ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ. ಈ ಕೆಲವು ನಿಮಿಷ ಮಾತ್ರ ಆ ಜಗಳಕ್ಕೆ ಜಾಗವೇ ಇರುವುದಿಲ್ಲ. ದನಿ ಕಡಲ ಅಲೆಯ ಹಾಗೆ ಏರುತ್ತದೆ, ತಾನೇ ಇಳಿಯುತ್ತದೆ. ಮೈಕ್ ಹಿಡಿದು ‘ಇನ್ನೂ ಜೋರಾಗಿ’ ಅಂತ ಹುರಿದುಂಬಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಗೆ ಎಬ್ಬಿಸಿದ ದನಿ ಗಂಟಲಿನದು.

ಮೊದಲ ಸಲ ಬಂದವರು ಇಲ್ಲಿ ಹೆದರುತ್ತಾರೆ. ಅವರನ್ನು ಮುಂಚೆಯೇ ಪಕ್ಕಕ್ಕೆ ಕರೆದು ಹೇಳಿರುತ್ತೇನೆ: ಹೀಗಾಗುತ್ತದೆ, ನೀವು ಸುಮ್ಮನೆ ಕೂತರೂ ಸರಿ, ಯಾರೂ ಒತ್ತಾಯ ಮಾಡುವುದಿಲ್ಲ. ಎಲ್ಲರೂ ಅನ್ಯಭಾಷೆ ಆಡುತ್ತಾರೆಯೇ ಅಂತ ಬೈಬಲಿನ ಪತ್ರದಲ್ಲಿ ಸಂತ ಪೌಲರೇ ಕೊರಿಂಥ ಊರಿನ ಕ್ರೈಸ್ತರನ್ನು ಕೇಳಿದ್ದಾರೆ, ಇಲ್ಲ ಅನ್ನುವ ಉತ್ತರವನ್ನು ಮನಸ್ಸಲ್ಲಿಟ್ಟುಕೊಂಡೇ. ನಾಲಿಗೆ ಹೀಗೆ ತಿರುಗಿಸಿ, ಈ ಪದ ಬೇಗ ಬೇಗ ಹೇಳಿ ಅಂತ ಕಲಿಸುವ ಕಡೆಗಳೂ ಇವೆ. ನಮ್ಮಲ್ಲಿ ಅದು ಇಲ್ಲ.

ಆಮೇಲೆ ಮೌನ. ಕಷ್ಟದ ಭಾಗ ಇದೇ. ಯಾರೋ ಒಬ್ಬರು ಕೂಡಲೇ ಹೊಸ ಹಾಡು ಎತ್ತಿಬಿಡುತ್ತಾರೆ, ಮೌನ ಅಂದರೆ ಏನೋ ತಪ್ಪಾಗಿದೆ ಅಂತ. ನಾನು ಕೈ ಎತ್ತಿ ತಡೆಯುತ್ತೇನೆ. ಈ ಹೊತ್ತಿನಲ್ಲಿ ಯಾರಿಗಾದರೂ ಬೈಬಲಿನ ವಚನ, ಒಂದು ಮಾತು ಹೊಳೆಯುತ್ತದೆ. ಅದನ್ನು ಗಟ್ಟಿಯಾಗಿ ಹೇಳಬಹುದು. ಆದರೆ ಬೇಲಿ ಇದೆ, ಅದೂ ಪೌಲರದೇ. ಪ್ರವಾದನೆ, ಅಂದರೆ ದೇವರಿಂದ ಬಂತು ಅನ್ನಿಸಿದ ಮಾತು, ಹೇಳುವವರು ಇಬ್ಬರು ಮೂವರು ಸಾಕು, ಉಳಿದವರು ಅದನ್ನು ತೂಗಿ ನೋಡಲಿ ಅನ್ನುತ್ತಾರೆ ಅವರು. ಆ ಮಾತು ಜನರನ್ನು ಬೆಳೆಸಬೇಕು, ಧೈರ್ಯ ಕೊಡಬೇಕು, ಸಮಾಧಾನ ಮಾಡಬೇಕು. ಇದಕ್ಕೆ ನಾವು ಸೇರಿಸಿಕೊಂಡದ್ದು ಇಷ್ಟು: ಯಾರ ಮದುವೆ, ಯಾರ ಆಸ್ತಿ, ಯಾರ ಕಾಯಿಲೆಯ ಬಗ್ಗೆಯೂ ‘ದೇವರು ಹೇಳಿದರು’ ಅನ್ನಬಾರದು. ಹೇಳಿದ ಮಾತನ್ನು ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಬರೆದಿಡುತ್ತಾರೆ ಅಂತ ಗೊತ್ತಾದ ಮೇಲೆ ಮಾತು ತಾನೇ ಚಿಕ್ಕದಾಯಿತು!

ದೇವರು ತಮಗೆ ಏನು ಮಾಡಿದರು ಅಂತ ಸಾಕ್ಷಿ ಹೇಳುವವರಿಗೆ ಮೂರು ನಿಮಿಷ. ಅಲ್ಲಿ ನಿಲ್ಲಿಸುವುದು ಒಂದು ಕಲೆ. ಪಕ್ಕದಲ್ಲಿ ಹೋಗಿ ನಿಲ್ಲುತ್ತೇನೆ, ಅವರು ಉಸಿರು ತೆಗೆದುಕೊಳ್ಳುವಾಗ ‘ಅಲ್ಲೆಲೂಯ’ ಅನ್ನುತ್ತೇನೆ, ಎಲ್ಲರೂ ಅನ್ನುತ್ತಾರೆ, ಮೈಕ್ ನನ್ನ ಕೈಗೆ ಬರುತ್ತದೆ. ಯಾರಿಗೂ ಬೇಜಾರಿಲ್ಲ. ಗುಣವಾದ ಸಾಕ್ಷಿಯಾದರೆ ಡಾಕ್ಟರ್ ಏನು ಹೇಳಿದರು ಅಂತ ಮೊದಲೇ ಕೇಳಿರುತ್ತೇನೆ. ಮಾತ್ರೆ ಬಿಟ್ಟೆ ಅನ್ನುವ ಸಾಕ್ಷಿಗೆ ನಮ್ಮಲ್ಲಿ ಜಾಗವಿಲ್ಲ. ಶುಗರ್ ಇರಲಿ, ಮೂರ್ಛೆ ರೋಗ ಇರಲಿ. ಟಿಬಿ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳು ನುಂಗಬೇಕು, ಮಧ್ಯದಲ್ಲಿ ಬಿಟ್ಟರೆ ರೋಗ ಮದ್ದಿಗೇ ಬಗ್ಗದ ಹಾಗೆ ಬಲಿಯಬಹುದು. ದೇವರು ಡಾಕ್ಟರ ಕೈಯಿಂದಲೂ ಗುಣ ಮಾಡುತ್ತಾರೆ ಅನ್ನುವುದು ವಿಶ್ವಾಸ ಕಡಿಮೆಯಾದವರ ಮಾತಲ್ಲ.

ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಸಭಾಂಗಣದ ಮೂಲೆಯಲ್ಲಿ, ಎಲ್ಲರ ಕಣ್ಣಿಗೆ ಕಾಣುವ ಹಾಗೆ. ಯಾವಾಗಲೂ ಇಬ್ಬರು ಸೇರಿ. ಹೆಂಗಸರಿಗೆ ಹೆಂಗಸರು. ಕೈಯಿಡಬಹುದಾ ಅಂತ ಕೇಳಿಯೇ. ಕೆಲವರು ಈ ಹೊತ್ತಿನಲ್ಲಿ ಹಿಂದಕ್ಕೆ ವಾಲುತ್ತಾರೆ. ಅದನ್ನು ಪವಿತ್ರಾತ್ಮರ ಕೆಲಸ ಅಂತ ಹಿಗ್ಗುವವರೂ ಇದ್ದಾರೆ, ನಾಟಕ ಅನ್ನುವವರೂ ಇದ್ದಾರೆ. ನಾನು ಎರಡೂ ಕಡೆ ಸೇರದೆ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸುತ್ತೇನೆ. ಬೀಳುವ ಅವಕಾಶವಿಲ್ಲದ ಕಡೆಯೂ ಪ್ರಾರ್ಥನೆ ಚೆನ್ನಾಗಿಯೇ ಆಗುತ್ತದೆ.

ಕೋವಿಡ್ ಹೊತ್ತಲ್ಲಿ ಝೂಮ್‌ನಲ್ಲಿ ಮಾಡಿದೆವು. ಎಲ್ಲರೂ ಒಟ್ಟಿಗೆ ದನಿ ಎತ್ತುವುದು ಅಲ್ಲಿ ಆಗುವುದೇ ಇಲ್ಲ, ಗೊತ್ತಾ? ಝೂಮ್ ಒಬ್ಬರ ದನಿಯನ್ನು ಎತ್ತಿ ಹಿಡಿದು ಉಳಿದವರದ್ದನ್ನು ಅಡಗಿಸುತ್ತದೆ. ಕೊನೆಗೆ ಎಲ್ಲರ ಮೈಕ್ ಮುಚ್ಚಿಸಿ, ನಿಮ್ಮ ನಿಮ್ಮ ಮನೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿ ಅಂದೆವು. ಪರದೆಯ ಮೇಲೆ ತುಟಿಗಳಷ್ಟೇ ಅಲುಗುತ್ತಿದ್ದವು. ಸಭಾಂಗಣ ತೆರೆದ ಮೇಲೆ ಆನ್‌ಲೈನ್ ಬೇಕು ಅಂತ ಒಬ್ಬರೂ ಕೇಳಲಿಲ್ಲ.

ಪೂಜೆಯ ಹೊತ್ತಿಗೆ ಇದ್ಯಾವುದನ್ನೂ ತರುವುದಿಲ್ಲ. ಪೂಜೆಗೆ ಅದರದೇ ಕ್ರಮ ಇದೆ. 2013ರಲ್ಲಿ ಬ್ರೆಜಿಲ್‌ನ ರಿಯೊದಿಂದ ಮರಳುವಾಗ ಆಗಿನ ಪೋಪ್ ಫ್ರಾನ್ಸಿಸ್ ಪತ್ರಕರ್ತರಿಗೆ ಹೇಳಿದ್ದರು: ಒಂದು ಕಾಲದಲ್ಲಿ ಕ್ಯಾರಿಸ್ಮ್ಯಾಟಿಕರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಪೂಜೆಗೂ ಸಾಂಬಾ ಕುಣಿತಕ್ಕೂ ಇವರಿಗೆ ವ್ಯತ್ಯಾಸ ಗೊತ್ತಿಲ್ಲ ಅಂದಿದ್ದೆ, ಆಮೇಲೆ ಮನಸ್ಸು ಬದಲಾಯಿತು ಅಂತ. ನಮ್ಮ ಫಾದರ್ ಅದನ್ನು ಆಗಾಗ ನೆನಪಿಸಿ ನಗುತ್ತಾರೆ.

ಕೊನೆಯ ಕಾಲು ಗಂಟೆ ಬೇಡಿಕೆಗೆ. ಬಾಗಿಲ ಹತ್ತಿರದ ಡಬ್ಬಿಗೆ ಚೀಟಿ ಹಾಕಿರುತ್ತಾರೆ. ಪಿಯುಸಿ ರಿಸಲ್ಟ್, ಕುಡಿಯುವ ಗಂಡ, ಬಾಡಿಗೆ ಮನೆ, ವೀಸಾ. ಗುಟ್ಟಿನ ಚೀಟಿಗೆ ಮೇಲೊಂದು ಗೆರೆ ಎಳೆದಿರುತ್ತಾರೆ, ಅದನ್ನು ಗಟ್ಟಿಯಾಗಿ ಓದುವುದಿಲ್ಲ. ಕೂಟ ಶುರುವಾದಾಗಿನಿಂದ ಹಿಂದಿನ ಕೋಣೆಯಲ್ಲಿ ಇಬ್ಬರು ಪ್ರಾರ್ಥಿಸುತ್ತಾ ಕೂತಿರುತ್ತಾರೆ, ಅಂಥ ಚೀಟಿಗಳು ಅವರಿಗೆ ಹೋಗುತ್ತವೆ. ಓದಿ, ಪ್ರಾರ್ಥಿಸಿ, ಅಲ್ಲೇ ಹರಿದು ಹಾಕುತ್ತಾರೆ. ಏನಾಯಿತು ಅಂತ ಆಮೇಲೆ ನಾವಾಗಿ ಕೇಳುವುದಿಲ್ಲ. ಹೇಳಬೇಕು ಅನ್ನಿಸಿದವರು ಬಂದು ಹೇಳುತ್ತಾರೆ.