ಗೇರಿಲ್ಲದ ಸೈಕಲ್ಲು, ನಾಲೆ ಏರಿ, ಆಲೆಮನೆ ಅಂಗಳ

ನನ್ನದು 22 ಇಂಚಿನ ಕರಿ ಸೈಕಲ್ಲು. ಹಾಲಿನವರು ಓಡಿಸುತ್ತಾರಲ್ಲ, ಅದೇ. ಹಳೇದು, 1,800ಕ್ಕೆ ತಗೊಂಡಿದ್ದು. ಇದರಲ್ಲಿ ಟೂರಿಂಗ್ ಹೋಗಿ ರಾತ್ರಿ ಹೊರಗೆ ಮಲಗಿ ಬರುತ್ತೇನೆ ಅಂದಾಗ ನಮ್ಮ ಮೈಸೂರಿನ ಭಾನುವಾರದ ಸೈಕಲ್ ಗುಂಪು ನಕ್ಕಿತು. ಅವರವು 21 ಗೇರಿನವು, ಬ್ಯಾಗುಗಳೇ ಎಂಟೊಂಬತ್ತು ಸಾವಿರದವು. ಮೂರನೇ ಸಲಕ್ಕೆ ನಾನು ಗೆದ್ದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಪುಳಿಯೋಗರೆ ಆಸೆಗೆ ಮೇಲುಕೋಟೆ ಕಡೆ ಹೊರಟಿದ್ದೆ. ಮಂಕುಬುದ್ಧಿ. ಬೆಟ್ಟದ ರಸ್ತೆಯನ್ನು ಪೂರ್ತಿ ತಳ್ಳಿಕೊಂಡೇ ಹತ್ತಿದೆ. ಇಳಿಯುವಾಗ ತುಂತುರು ಮಳೆ. ನೆನೆದ ರಿಮ್ಮಿಗೆ ರಾಡ್ ಬ್ರೇಕ್ ಎಷ್ಟು ಹಿಡಿಯುತ್ತೆ ಅಂತ ನಿಮಗೆ ಗೊತ್ತಲ್ವಾ? ಚಪ್ಪಲಿ ಸವೆಸಿಕೊಂಡು ಇಳಿದೆ. 1,900 ಕೊಟ್ಟು ತಂದಿದ್ದ ಟೆಂಟು ರಾತ್ರಿಯಿಡೀ ಒಳಗೇ ಬೆವರಿ, ಬೆಳಿಗ್ಗೆ ಮೂಗಿನ ಮೇಲೆ ತೊಟ್ಟಿಕ್ಕಿತು. ಅರ್ಧ ಬೆಲೆಗೂ ಯಾರೂ ಕೊಳ್ಳಲಿಲ್ಲ.

ಆಮೇಲೆ ಹೊಳೆದಿದ್ದು ನಾಲೆ. ಕನ್ನಂಬಾಡಿಯಿಂದ ಮಂಡ್ಯದ ಕಡೆ ಹೋಗುವ ವಿಶ್ವೇಶ್ವರಯ್ಯ ನಾಲೆ. ಮೊದಲು ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರಿತ್ತು. ನೀರು ಹತ್ತು ಅಂದರೆ ಹತ್ತಲ್ಲ. ಅಂದಮೇಲೆ ಅದರ ಪಕ್ಕದ ಏರಿಯೂ ಹತ್ತಲ್ಲ! ಗೇರಿನ ಕೆಲಸವನ್ನು ನಾಲೆ ಕಟ್ಟಿದವರೇ ಮಾಡಿಟ್ಟಿದ್ದಾರೆ. ಜೊತೆಗೆ 18 ಹಲ್ಲಿನ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲಿನ ಗಾಲಿ) ತೆಗೆದು 22 ಹಲ್ಲಿನದು ಹಾಕಿಸಿದೆ. ಕೂಲಿ ಸೇರಿ 250 ಆಯಿತೇನೋ. ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಬೇಕಾಯಿತು. ಪೆಡಲಿನ ಒಂದು ಸುತ್ತಿಗೆ ಹೆಚ್ಚು ಕಡಿಮೆ ಒಂದು ಮೀಟರ್ ಕಮ್ಮಿ ಓಡುತ್ತೆ, ಆದರೆ ಮಂಡಿ ಉಳಿಯುತ್ತೆ.

ಎರಡನೇ ಸಲ ನಾಲೆ ಮೇಲೇ ಹೋದೆ. ಜಾಲಿ ಮುಳ್ಳಿಗೆ ನಾಲ್ಕು ಪಂಚರ್. ಪಂಚರ್ ಹಾಕುವ ಅಂಟು (ಸಲ್ಯೂಷನ್) ಮುಗಿದು ಹಾಲಿನ ವ್ಯಾನಲ್ಲಿ ವಾಪಸ್ ಬಂದೆ. ಆ ದಿನ ಗುಂಪಿನವರಿಗೆ ಹಬ್ಬ. ಈಗ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನೊಳಗೆ ಹಾಸಿದ್ದೇನೆ. ಸೈಕಲ್ಲು ಸ್ವಲ್ಪ ಭಾರ ಅನ್ನಿಸುತ್ತೆ, ಅನ್ನಿಸಲಿ.

ಬ್ಯಾಗಿನ ಬದಲು ಹೋಟೆಲಿನ 15 ಲೀಟರ್ ಎಣ್ಣೆ ಕ್ಯಾನು ಎರಡು, ತಲಾ 60. ಮೇಲ್ಭಾಗ ಕೊಯ್ದು ಕ್ಯಾರಿಯರ್‌ನ ಎರಡೂ ಕಡೆ ನೇತುಹಾಕಿದೆ. ಗಡಗಡ ಅನ್ನದ ಹಾಗೆ ಹೇಗೆ ನೇತುಹಾಕಿದೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಟೆಂಟಿನ ಜಾಗಕ್ಕೆ ಒಂದು ಟಾರ್ಪಾಲು, ಒಂದು ಸೊಳ್ಳೆಪರದೆ. ಎರಡೂ ಸೇರಿ ಸಾವಿರದ ಆಸುಪಾಸು.

ನಡುವೆ ಇನ್ನೊಂದು ಹುಚ್ಚು. ಟೈರಿಗೆ ಉಜ್ಜಿ ತಿರುಗಿ ಕರೆಂಟು ಕೊಡುವ ಹಳೇ ಬಾಟಲಿ ಡೈನಮೋಗೆ ನಾಲ್ಕು ಡಯೋಡು ಕೂರಿಸಿ ಫೋನ್ ಚಾರ್ಜ್ ಮಾಡಲು ನೋಡಿದೆ. 20 ಕಿಲೋಮೀಟರ್ ತುಳಿದರೆ ಏಳು ಪರ್ಸೆಂಟ್ ಏರಿತು, ತೊಡೆ ಮಾತ್ರ ಪೂರ್ತಿ ಡೌನ್. ಡೈನಮೋ ಈಗ ಅಟ್ಟದ ಮೇಲಿದೆ.

ಮೂರನೇ ಸಲ ಹೊರಟಿದ್ದು ಜನವರಿಯಲ್ಲಿ, ಬೆಳಿಗ್ಗೆ ಐದೂವರೆಗೆ. ಶ್ರೀರಂಗಪಟ್ಟಣದಲ್ಲಿ ಇಡ್ಲಿ. ಪಾಂಡವಪುರ ದಾಟಿ ಏರಿ ಹಿಡಿದೆ. ಕೆಲವು ಕಡೆ ಡಾಂಬರು, ಕೆಲವು ಕಡೆ ಬರೀ ಮಣ್ಣು. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು. ಗಂಟೆಗೆ ಎರಡು ಬೈಕು ಎದುರಾದರೆ ಜಾಸ್ತಿ. ಬಹಳ ಕಡೆ ತಡೆಗೋಡೆ ಇಲ್ಲ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದ ಜಾಗವೂ ಇದೇ ನಾಲೆಯದು. ಏರಿ ಕಿರಿದಾದ ಕಡೆ ಇಳಿದು ನಡೆಯುತ್ತೇನೆ, ಕತ್ತಲಾದ ಮೇಲೆ ತುಳಿಯೋದೇ ಇಲ್ಲ. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಹುರಿಹಿಟ್ಟು, ಬೆಲ್ಲ, ಒಂದು ನಿದ್ದೆ. ಹುಲಿಕೆರೆ ಹತ್ತಿರ ನಾಲೆ ಸುರಂಗಕ್ಕೆ ನುಗ್ಗುತ್ತೆ. ನೀರು ಗುಡ್ಡದೊಳಗೆ ಆರಾಮಾಗಿ ಹೋಗುತ್ತೆ, ನಾವು ಮೇಲೆ ಹತ್ತಬೇಕು. ನಾನು ಅಲ್ಲಿಗೆ ಮುಂಚೆಯೇ ತಿರುಗಿಕೊಂಡೆ.

ಸಂಜೆ ಏರಿ ಪಕ್ಕ ಟಾರ್ಪಾಲು ಬಿಚ್ಚುತ್ತಿದ್ದೆ. ದನ ಹೊಡ್ಕೊಂಡು ಹೋಗುತ್ತಿದ್ದ ಯಜಮಾನರೊಬ್ಬರು ನಿಂತರು.

"ಯಾಕಪ್ಪಾ, ಮನೇಲಿ ಜಗಳ ಆಡ್ಕಂಡು ಬಂದಿದ್ದೀಯಾ?"

"ಇಲ್ಲ ಯಜಮಾನ್ರೇ, ಸುಮ್ನೆ ಬಂದೆ."

"ಸುಮ್ಕೆ ಬಂದು ಇಲ್ಲಿ ಮನಿಕಬ್ಯಾಡ ಕನಪ್ಪ. ಕಬ್ಬಿನ ಗದ್ದೇಲಿ ಚಿರ್ತೆ ಅದೆ. ಆಲೆಮನೆ ತಾವ ಬಾ."

ಆಲೆಮನೆ ಅಂಗಳದಲ್ಲಿ ಎರಡು ಕಂಬಕ್ಕೆ ಟಾರ್ಪಾಲು ಕಟ್ಟಿದೆ. ಒಲೆ ಉರಿಯುತ್ತಿತ್ತು, ಚಳಿ ಅನ್ನೋದೇ ತಿಳಿಯಲಿಲ್ಲ. ಮೆತ್ತಗಿರುತ್ತೆ ಅಂತ ಕಬ್ಬಿನ ಸಿಪ್ಪೆ ಹಾಸಿಕೊಂಡು ಮಲಗಿದ್ದು ಮಾತ್ರ ತಪ್ಪು. ಅರ್ಧ ಗಂಟೆಗೆ ಇರುವೆಗಳು ಬಂದವು. ಬರೀ ನೆಲದ ಮೇಲೆ ಗೋಣಿಚೀಲ ಹಾಸಿ, ಸೊಳ್ಳೆಪರದೆ ಅಂಚನ್ನು ಅದರ ಅಡಿಗೆ ತುರುಕಿದ ಮೇಲೆ ಬೆಳಗಿನ ತನಕ ನಿದ್ದೆ. ಆ ಊರಿನ ಹೆಸರು ಹೇಳಲ್ಲ. ಹೇಳಿದರೆ ಮುಂದಿನ ಭಾನುವಾರವೇ ಹದಿನೈದು ಸೈಕಲ್ಲು ಅಲ್ಲಿ ನಿಲ್ಲುತ್ತವೆ.

ಮೊದಲ ದಿನ ಓಡಿಸಿದ್ದು 45 ಕಿಲೋಮೀಟರ್ ಇರಬಹುದು, ಪಂಚರ್ ಸೊನ್ನೆ. ಊಟ, ಟೀ ಎಲ್ಲ ಸೇರಿ ಖರ್ಚು 180. ಮಲಗಿದ್ದಕ್ಕೆ ದುಡ್ಡು ಕೊಡಹೋದರೆ ತಗೊಳ್ಳಲಿಲ್ಲ. ಅದಕ್ಕೆ ಮೂರು ಕೆಜಿ ಅಚ್ಚುಬೆಲ್ಲ ಕೊಂಡು ಎಡಗಡೆ ಕ್ಯಾನಿಗೆ ಹಾಕಿಕೊಂಡೆ. ಬಾಬುರಾಯನಕೊಪ್ಪಲು ತನಕ ಸೈಕಲ್ಲು ಎಡಕ್ಕೇ ಎಳೆಯುತ್ತಿತ್ತು. ಕೊನೆಗೆ ಬಲಗಡೆ ಕ್ಯಾನಿಗೆ ಎರಡು ಕಲ್ಲು ಹಾಕಿಕೊಂಡು ಮನೆ ಮುಟ್ಟಿದೆ.